ಮಿಲ್ಟ್ರಿಗೆ ಹೋದ ಫೈರ್‌ಮನ್: ಅಜ್ಜನ ಯುದ್ಧದ ದಾಖಲೆ ಹುಡುಕಿದ ಅನುಭವ

ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋದದ್ದರ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದ ಮಾತು ಒಂದೇ. "ನಮ್ಮಪ್ಪ ಹುಬ್ಬಳ್ಳಿ ಲೋಕೋ ಶೆಡ್ಡಿನ್ಯಾಗ ಫೈರ್‌ಮನ್ ಇದ್ದ, ಲಡಾಯಿ ಹತ್ತಿದಾಗ ಮಿಲ್ಟ್ರಿಗೆ ಹೋಗಿ ಬಂದ." ಫೈರ್‌ಮನ್ ಅಂದರೆ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನು. ಎಲ್ಲಿಗೆ ಅಂತ ಕೇಳಿದರೆ ಅವ್ವ ಬರ್ಮಾ ಅನ್ನುತ್ತಾಳೆ, ದೊಡ್ಡ ಮಾವ ಅಸ್ಸಾಂ ಅನ್ನುತ್ತಾರೆ, ಸಣ್ಣ ಮಾವ ಇರಾಕ್ ಎಂದು ಪಟ್ಟು ಹಿಡಿಯುತ್ತಾರೆ. ಅಜ್ಜ ಸ್ವತಃ ಯುದ್ಧಕ್ಕಿಂತ 1974ರ ರೈಲ್ವೆ ಮುಷ್ಕರದ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದನಂತೆ. ಯುದ್ಧದ ಬಗ್ಗೆ ಅವನು ಹೇಳುತ್ತಿದ್ದ ಒಂದೇ ಕಥೆಯನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ: ಜೀಪು ರೈಲು ಎಳೆಯುತ್ತಿತ್ತು ಅನ್ನುವುದು.

ಅವ್ವನಿಗೆ ವಯಸ್ಸಾಗುತ್ತಿದೆ, ಅವಳಿರುವಾಗಲೇ ಇದೊಂದು ಇತ್ಯರ್ಥವಾಗಲಿ ಎಂದು ಹೊರಟೆ. ಈಗ ಕೆಲಸ ಮುಗಿದಿದೆ. ಈ ದಾರಿಯಲ್ಲಿ ಹೊರಡುವವರಿಗೆ ನಾನು ಹೇಳುವುದು ಮುಖ್ಯವಾಗಿ ಇಷ್ಟೇ: ಆಗ ನಿಮ್ಮ ಅಜ್ಜನಿಗೆ ಪಗಾರ ಕೊಟ್ಟದ್ದು ರೈಲ್ವೆಯೋ ಸೈನ್ಯವೋ ಎಂಬುದನ್ನು ಮೊದಲು ಪತ್ತೆ ಮಾಡಿಕೊಳ್ಳಿ. ಯುದ್ಧಕಾಲದಲ್ಲಿ ದುಡಿದ ರೈಲ್ವೆಯವರಲ್ಲಿ ಎರಡು ಬಗೆ. ಕೆಲವರು ರೈಲ್ವೆ ನೌಕರರಾಗಿಯೇ ಉಳಿದು ಸೈನ್ಯದ ಸರಕು, ಸೈನಿಕರ ಸ್ಪೆಷಲ್ ಗಾಡಿಗಳನ್ನು ಓಡಿಸಿದರು. ಇನ್ನು ಕೆಲವರು ಸೈನ್ಯದ ಇಂಜಿನಿಯರ್ಸ್ ಪಡೆಯ ರೈಲ್ವೆ ಕಂಪನಿಗಳಿಗೆ ಸೇರಿ, ಖಾಕಿ ತೊಟ್ಟು, ನಂಬರು ಪಡೆದು ಹೋದರು. ಮೊದಲಿನವರ ಕಾಗದ ಇದ್ದರೆ ರೈಲ್ವೆಯಲ್ಲಿ, ಎರಡನೆಯವರದು ಸೈನ್ಯದಲ್ಲಿ. ಇದನ್ನು ತಿಳಿಯದೆ ಅರ್ಜಿ ಹಾಕಿದರೆ ಅದು ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇರುತ್ತದೆ.

ಹುಬ್ಬಳ್ಳಿಯ ಫೈರ್‌ಮನ್ ಅಷ್ಟು ದೂರ ಏಕೆ ಬೇಕಾದ ಎಂಬ ಪ್ರಶ್ನೆಗೆ ಉತ್ತರ ಹಳಿಯಲ್ಲಿದೆ. ಆಗ ಹುಬ್ಬಳ್ಳಿಯ ಮಾರ್ಗ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ್ದು. ಅಸ್ಸಾಮಿನದೂ ಮೀಟರ್ ಗೇಜ್, ಬರ್ಮಾದ್ದೂ ಮೀಟರ್ ಗೇಜ್, ಇರಾಕಿನ ಬಸ್ರಾ–ಬಾಗ್ದಾದ್ ಮಾರ್ಗವೂ ಅದೇ. ಹಾಗಾಗಿ ಮೂವರ ಮಾತಿನಲ್ಲಿ ಯಾವುದನ್ನೂ ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಅದರ ಮೇಲೆ ಹುಬ್ಬಳ್ಳಿ ಶೆಡ್ಡಿನವರಿಗೆ ಕ್ಯಾಸಲ್‌ರಾಕ್ ಘಾಟಿನ ಅಭ್ಯಾಸ ಬೇರೆ. ಅಲ್ಲಿಂದ ಗೋವಾದ ಕುಳೆಂವರೆಗೆ 37 ಅಡಿಗೆ ಒಂದು ಅಡಿಯಂತೆ ಇಳಿಜಾರು, ಗಾಡಿ ಹತ್ತಿಸಲು ಹಿಂದೊಂದು ಬ್ಯಾಂಕರ್ ಎಂಜಿನ್ ಬೇಕು. ಆ ಏರಿನಲ್ಲಿ ಉಗಿ ಇಳಿಯದಂತೆ ಕಲ್ಲಿದ್ದಲು ಹಾಕಿ ಕಲಿತವನಿಗೆ ಅಸ್ಸಾಮಿನ ಗುಡ್ಡಗಾಡು ಮಾರ್ಗ ಹೊಸದಾಗುವುದಿಲ್ಲ.

ಮನೆಯಲ್ಲಿದ್ದದ್ದು ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಅಜ್ಜಿಯ ಕುಟುಂಬ ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ), ಒಂದು ಹಳೇ ಪಾಸು, ಎರಡು ಪದಕ. ನಾನು ಹೊರಟದ್ದು ಪಿಪಿಒ ಹಿಡಿದುಕೊಂಡು. ಅದರಲ್ಲಿ ಅಜ್ಜ ಕೆಲಸಕ್ಕೆ ಸೇರಿದ್ದು 1937, ನಿವೃತ್ತಿ 1976, ಕೊನೆಯ ಹುದ್ದೆ ಗೂಡ್ಸ್ ಡ್ರೈವರ್ ಎಂದಿತ್ತು. ಎಂಜಿನ್ ಕ್ಲೀನರ್ ಆಗಿ ಸೇರಿ, ಎರಡನೇ ಫೈರ್‌ಮನ್, ಮೊದಲ ಫೈರ್‌ಮನ್, ಶಂಟರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿದ ಮನುಷ್ಯ ಅವನು. ಆದರೆ ಸೇವೆಯ ಲೆಕ್ಕದಲ್ಲಿ ನಡುವೆ ಒಂದು ದಿನವೂ ಖಾಲಿಯಿಲ್ಲ. ಹಾಗಾದರೆ ಮಿಲ್ಟ್ರಿಗೆ ಹೋದದ್ದೇ ಸುಳ್ಳೇ ಎಂದು ಮೊದಲ ಸಲ ಅನುಮಾನ ಬಂದದ್ದು ಆಗ. ನಿವೃತ್ತ ಹೆಡ್ ಕ್ಲಾರ್ಕ್ ಒಬ್ಬರು ನಕ್ಕು, "ತಮ್ಮಾ, ಲೀನ್ ಇಟ್ಟು ಹೋದವರಿಗೆ ಸರ್ವಿಸ್ ಕಟ್ ಆಗೂದಿಲ್ಲ. ರೈಲ್ವೆ ಲೆಕ್ಕದಾಗ ನಿಮ್ಮಜ್ಜ ಹುಬ್ಬಳ್ಳಿ ಬಿಟ್ಟು ಹೋಗೇ ಇಲ್ಲ" ಅಂದರು. ಲೀನ್ ಅಂದರೆ ಹಳೆಯ ಹುದ್ದೆಯ ಮೇಲೆ ಉಳಿಸಿಕೊಂಡ ಹಕ್ಕು. ಪಿಪಿಒದಲ್ಲಿ ಬಿರುಕು ಕಾಣುವುದಿಲ್ಲ ಎಂದು ನೀವೂ ಹುಡುಕಾಟ ಕೈಬಿಡಬೇಡಿ.

1943ರಿಂದ 1946ರವರೆಗಿನ ಮೂರು ವರ್ಷ (ಆ ಇಸವಿಗಳು ನನಗೆ ತಿಳಿದದ್ದು ಆಮೇಲೆ) ಎಲ್ಲಿದ್ದ ಎಂಬುದು ಸರ್ವಿಸ್ ರಿಜಿಸ್ಟರಿನಲ್ಲಿ ಇರಬೇಕು. ಅದು ಯಾರ ಹತ್ತಿರ ಎಂಬುದೇ ದೊಡ್ಡ ತೊಡಕು. ಅಜ್ಜ ಸೇರಿದಾಗ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಆಡಳಿತ ಕಂಪನಿಯದು, ಹೆಡ್ ಆಫೀಸು ಮದ್ರಾಸಿನಲ್ಲಿ. 1944ರ ಏಪ್ರಿಲ್ 1ಕ್ಕೆ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಅಂದರೆ ಅಜ್ಜ ಹೋಗುವಾಗ ಅವನ ಧಣಿ ಕಂಪನಿ, ತಿರುಗಿ ಬರುವಷ್ಟರಲ್ಲಿ ಸರ್ಕಾರ. 1951ರಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಸೇರಿತು. 1966ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್‌ನಿಂದ ಹುಬ್ಬಳ್ಳಿಯೇ ಕೇಂದ್ರವಾಗಿ ನೈರುತ್ಯ ರೈಲ್ವೆ. ಮನುಷ್ಯ ಒಂದೇ ಶೆಡ್ಡಿನಲ್ಲಿ ದುಡಿದ, ಅವನ ಕಾಗದದ ಒಡೆಯರು ಮಾತ್ರ ಬದಲಾಗುತ್ತಲೇ ಹೋದರು.

ಆರ್‌ಟಿಐ ಅರ್ಜಿ ಹಾಕಿದೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಆನ್‌ಲೈನಿನಲ್ಲೇ ಹಾಕಬಹುದು. ಶುಲ್ಕ 10 ರೂಪಾಯಿ, ಪ್ರತಿ ಬೇಕಾದರೆ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. ನನಗೆ ಬಂದ ಮೊದಲ ಉತ್ತರ "ದಾಖಲೆ ಲಭ್ಯವಿಲ್ಲ" ಎಂಬ ಒಂದೇ ಸಾಲು. ಮೇಲ್ಮನವಿಯಲ್ಲಿ, ದಾಖಲೆ ನಾಶವಾಗಿದೆಯೋ ಬೇರೆ ಕಚೇರಿಗೆ ವರ್ಗವಾಗಿದೆಯೋ ಸಿಗುತ್ತಿಲ್ಲವೋ, ಮೂರರಲ್ಲಿ ಯಾವುದು ಎಂದು ತಿಳಿಸಿ ಎಂದು ಕೇಳಿದೆ. ಹಾಗೆ ಬಿಡಿಸಿ ಕೇಳುವುದು ಒಳ್ಳೆಯದು. ಬಹಳ ದಿನ ಕಾದ ಮೇಲೆ, ಹಳೆಯ ರಿಜಿಸ್ಟರುಗಳನ್ನು ಅವಧಿ ಮುಗಿದ ಮೇಲೆ ವಿಲೇವಾರಿ ಮಾಡಲಾಗಿದೆ ಎಂಬ ಉತ್ತರ ಬಂತು. ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಖಚಿತವಾಗಿ ಇಲ್ಲ ಅನ್ನುವ ಉತ್ತರ ಕೈಗೆ ಬಂದರೆ ಆ ಬಾಗಿಲು ಬಡಿಯುವುದನ್ನು ಬಿಟ್ಟು ಮುಂದೆ ಹೋಗಬಹುದು.

ಉಳಿದದ್ದು ಪದಕ. ಒಂದು ಆರು ಮೂಲೆಯ ನಕ್ಷತ್ರ, ಇನ್ನೊಂದು ದುಂಡನೆಯದು. ಇಷ್ಟು ವರ್ಷ ಅವುಗಳನ್ನು ಮನೆಯವರು ನೋಡಿದ್ದು ಖಂಡೇ ಪೂಜೆಯ ದಿನ ಮಾತ್ರ. ಅಜ್ಜನ ಸ್ಪ್ಯಾನರ್, ಟಾರ್ಚಿನ ಪಕ್ಕದಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದರು. ಪೂಜೆಗೆ ಮುಂಚೆ ಅಜ್ಜಿ ನಕ್ಷತ್ರವನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜುತ್ತಿದ್ದಳು. ಅದರ ಹಿಂಬದಿಯಲ್ಲಿ ಕೆತ್ತಿದ್ದ ಅಕ್ಷರ ಅರ್ಧಕ್ಕರ್ಧ ಸವೆದು ಹೋಗಿತ್ತು. ದಯವಿಟ್ಟು ಹಳೆಯ ಪದಕಗಳನ್ನು ಉಜ್ಜಬೇಡಿ, ಹುಣಸೆಹಣ್ಣೂ ಬೇಡ, ಪೀತಾಂಬರಿಯೂ ಬೇಡ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ಪದಕಗಳು ಸಾಮಾನ್ಯವಾಗಿ ಹೆಸರಿಲ್ಲದ ಬೋಳು ಪದಕಗಳು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ನಂಬರು, ದರ್ಜೆ, ಹೆಸರು, ಪಡೆ ಕೆತ್ತಿರುತ್ತವೆ. ನಕ್ಷತ್ರವಾದರೆ ಹಿಂಬದಿಯಲ್ಲಿ ನೋಡಿ, ದುಂಡು ಪದಕವಾದರೆ ಅಂಚಿನಲ್ಲಿ. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿದರೂ ಆದೀತು.

ದುಂಡು ಪದಕದ ಅಂಚು ಬಚಾವಾಗಿತ್ತು. ಒಂದು ನಂಬರು, ಸ್ಯಾಪರ್ (ಇಂಜಿನಿಯರ್ಸ್ ಪಡೆಯ ಸಾಮಾನ್ಯ ಸೈನಿಕ) ದರ್ಜೆಯ ಚುಟುಕು, ಅಜ್ಜನ ಹೆಸರು, ಕೊನೆಗೆ ಇಂಜಿನಿಯರ್ಸ್ ಪಡೆಯ ಅಕ್ಷರಗಳು. ಅಲ್ಲಿಗೆ ಅಜ್ಜ ಸೈನ್ಯದ ಸಂಬಳ ತಿಂದವನು ಎಂಬುದು ಖಾತ್ರಿಯಾಯಿತು. ನಕ್ಷತ್ರದ ರಿಬ್ಬನ್ ಹರಿದು ಚಿಂದಿಯಾಗಿದ್ದರೂ ನಡುವಿನ ಕೆಂಪು ಪಟ್ಟಿ, ಅಕ್ಕಪಕ್ಕದ ಕಡುನೀಲಿ, ಕಿತ್ತಳೆ ಗುರುತು ಹಿಡಿಯುವಂತಿತ್ತು. ಅದು ಬರ್ಮಾ ಸ್ಟಾರ್. ಹಾಗೆಂದು ಅವ್ವನೇ ಗೆದ್ದಳು ಅನ್ನುವಂತಿಲ್ಲ, ಯಾಕೆಂದರೆ ಬಂಗಾಳ ಮತ್ತು ಅಸ್ಸಾಮಿನ ಕೆಲವು ಭಾಗಗಳಲ್ಲಿ ದುಡಿದವರಿಗೂ ಅದು ಸಿಗುತ್ತಿತ್ತು. ಸಣ್ಣ ಮಾವನ ಇರಾಕ್ ಮಾತ್ರ ಅಲ್ಲಿಗೆ ಬಿದ್ದುಹೋಯಿತು. ಅವರು ಇವತ್ತಿಗೂ ಒಪ್ಪಿಲ್ಲ.

ಸೈನ್ಯಕ್ಕೆ ಬರೆಯುವ ಮೊದಲು ಸಂಬಂಧದ ಕಾಗದ ಜೋಡಿಸಿಕೊಳ್ಳಬೇಕು. ಅಜ್ಜನ ಮರಣ ಪತ್ರ, ಅವ್ವ ಅವನ ಮಗಳು ಎಂಬುದಕ್ಕೆ ವಂಶವೃಕ್ಷ, ನಾನು ಅವ್ವನ ಮಗ ಎಂಬುದಕ್ಕೆ ನನ್ನ ದಾಖಲೆ. ವಂಶವೃಕ್ಷಕ್ಕೆ ನಾಡಕಚೇರಿಗೆ ಹೋಗಬೇಕು, ಗ್ರಾಮ ಆಡಳಿತಾಧಿಕಾರಿಯ ವರದಿಯಾಗಬೇಕು, ಮಾವಂದಿರ ಸಹಿ ಬೇಕು. ಅಣ್ಣತಮ್ಮಂದಿರ ನಡುವೆ ಹೊಲದ ತಕರಾರಿರುವ ಮನೆಗಳಲ್ಲಿ ವಂಶವೃಕ್ಷ ಅಂದ ಕೂಡಲೇ ಎಲ್ಲರೂ ಎದ್ದು ಕೂರುತ್ತಾರೆ. ನಮ್ಮಲ್ಲೂ, "ಈಗ ಯಾಕ ಬೇಕಾತು ಇದು?" ಎಂಬ ಪ್ರಶ್ನೆ ಬಂತು. ಪದಕ ತೋರಿಸಿ, ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಬಿದ್ದದ್ದು.

ಹೆಸರಿನದು ಇನ್ನೊಂದು ರಗಳೆ. ನಮ್ಮ ಕಡೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೀಗೆ ಮೂರು ಬರೆಯುವುದು ರೂಢಿ. ಪಿಪಿಒದಲ್ಲಿ ಮೂರೂ ಇವೆ, ಮರಣ ಪತ್ರದಲ್ಲಿ ಎರಡು, ಪದಕದ ಮೇಲೆ ಒಂದೇ, ಅದೂ ಒಂದು ಅಕ್ಷರ ಕಡಿಮೆ. ಇವರೆಲ್ಲ ಒಬ್ಬನೇ ವ್ಯಕ್ತಿ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಮಾಡಿಸಿದೆ. ಊರಿನ ಹೆಸರಿನಲ್ಲೂ ಎಚ್ಚರ ಬೇಕು. ಅಜ್ಜನ ಹಳ್ಳಿ ಬ್ಯಾಡಗಿ ಹತ್ತಿರ, ಈಗ ಹಾವೇರಿ ಜಿಲ್ಲೆ. ಆದರೆ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. 1943ರ ಕಾಗದದಲ್ಲಿ ಇರುವುದು ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ. ಇಂಗ್ಲಿಷಿನಲ್ಲಿ ಆಗ ಕೊನೆಯ ಅಕ್ಷರ ಬದಲಿಸಿ 'ಧಾರ್ವಾರ್' ಎಂದೇ ಬರೆಯುತ್ತಿದ್ದರು, ಹುಬ್ಬಳ್ಳಿ 'ಹುಬ್ಲಿ'. ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ತಾಣದಲ್ಲಿ ಹುಡುಕುವಾಗಲೂ ಹಳೆಯ ಕಾಗುಣಿತವನ್ನೇ ಹಾಕಿ. ನೋಂದಣಿ ಉಚಿತ, ಸ್ಕ್ಯಾನ್ ಆದ ಕಡತಗಳನ್ನು ಮನೆಯಲ್ಲೇ ಓದಬಹುದು. ಅಲ್ಲಿ ಒಬ್ಬೊಬ್ಬ ನೌಕರನ ಹೆಸರು ಸಿಗುವುದು ಅಪರೂಪ, ಆದರೆ ಆ ಕಾಲದ ರೈಲ್ವೆ ಇಲಾಖೆಯ ಪತ್ರವ್ಯವಹಾರ ಓದುತ್ತಾ ಕೂತರೆ ಊಟ ಮರೆತುಹೋಗುತ್ತದೆ.

ಸಾಮಾನ್ಯ ಸೈನಿಕರ ದಾಖಲೆ ಬ್ರಿಟನ್ನಿನಲ್ಲಿ ಇರುವುದಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಅವು ಇಲ್ಲೇ ಉಳಿದವು, ಕೆಲವು ಪಾಕಿಸ್ತಾನಕ್ಕೆ ಹೋದವು. ಹಾಗಾಗಿ ಹಣ ಕಟ್ಟಿಸಿಕೊಂಡು ಹುಡುಕಿಕೊಡುವ ವಿದೇಶಿ ತಾಣಗಳಿಗೆ ಮೊದಲೇ ದುಡ್ಡು ಸುರಿಯಬೇಡಿ. ಇಂಜಿನಿಯರ್ಸ್ ಪಡೆಗೆ ನಮ್ಮಲ್ಲಿ ಮೂರು ದೊಡ್ಡ ಕೇಂದ್ರಗಳು, ಬೆಂಗಳೂರು, ರೂರ್ಕಿ ಮತ್ತು ಪುಣೆಯ ಖಡ್ಕಿ. ಅಜ್ಜ ಕನ್ನಡದವನು, ಆದ್ದರಿಂದ ಇಂಥ ಕಡೆಯೇ ಇರಬೇಕು ಎಂಬ ಊಹೆ ಇಲ್ಲಿ ನಡೆಯುವುದಿಲ್ಲ. ರೈಲ್ವೆ ಕಂಪನಿಗಳಿಗೆ ಜನ ಬಂದದ್ದು ಕಸುಬು ನೋಡಿ. ನಾನು ಬರೆದ ಒಂದು ಕಚೇರಿಯಿಂದ ಈ ನಂಬರು ನಮ್ಮದಲ್ಲ ಎಂದು ಉತ್ತರ ಬಂತು, ಅದೂ ಜ್ಞಾಪನಾ ಪತ್ರದ ಮೇಲೆ ಜ್ಞಾಪನಾ ಪತ್ರ ಹೋದ ಮೇಲೆ. ಪೋಸ್ಟಿನ ರಸೀದಿ ಜೋಪಾನವಾಗಿಡಿ, ಮುಂದಿನ ಪತ್ರದಲ್ಲಿ ಅದರ ತಾರೀಖು ನಮೂದಿಸಿದರೆ ಪತ್ರಕ್ಕೆ ತೂಕ ಬರುತ್ತದೆ. ಇನ್ನೊಂದು ಕಡೆಯಿಂದ ಫೋನ್ ಬಂತು. ಮಾತಾಡಿದ ಹವಾಲ್ದಾರರು ಹಿಂದಿಯಲ್ಲಿ ನಂಬರನ್ನು ಎರಡು ಸಲ ಓದಿಸಿಕೊಂಡು, "ದಾದಾಜಿ ರೈಲ್ವೇ ಮೇಂ ಥೇ ಕ್ಯಾ?" ಅಂದರು. ನನಗೆ ಕೂತಲ್ಲೇ ಕೂರಲಾಗಲಿಲ್ಲ.

ಬಂದದ್ದು ಒಂದು ಹಾಳೆ. ಇಲ್ಲಿ ಒಂದು ಸಂಗತಿ ತಿಳಿದಿರಲಿ: ಪಿಂಚಣಿ ಇಲ್ಲದೆ ಬಿಡುಗಡೆಯಾದ ಸೈನಿಕರ ಪೂರ್ಣ ದಾಖಲೆಗೆ ಶೀಟ್ ರೋಲ್ ಅನ್ನುತ್ತಾರೆ, ಅದನ್ನು 25 ವರ್ಷದ ನಂತರ ನಿಯಮದಂತೆ ನಾಶಮಾಡುತ್ತಾರೆ. ಕಾಯಂ ಉಳಿಯುವುದು ಲಾಂಗ್ ರೋಲ್, ಅದರಲ್ಲಿ ಒಬ್ಬನಿಗೆ ಒಂದು ಸಾಲು. ಅಜ್ಜನ ಸಾಲಿನಲ್ಲಿ ಇದ್ದದ್ದು ಸೇರಿದ್ದು 1943, ಕಸುಬು ಫೈರ್‌ಮನ್, ರೈಲ್ವೆ ಆಪರೇಟಿಂಗ್ ಕಂಪನಿಯೊಂದರ ಸಂಖ್ಯೆ, ಬಿಡುಗಡೆ 1946. ಫೋಟೋ ಇಲ್ಲ, ಎತ್ತರ ಎಷ್ಟು, ಗುರುತಿನ ಮಚ್ಚೆ ಎಲ್ಲಿ ಎಂಬುದೂ ಇಲ್ಲ. ಅವ್ವ ಅದನ್ನು ಹಿಡಿದುಕೊಂಡು, "ಇಷ್ಟಾನ?" ಅಂದಳು. ನನಗೂ ಹಾಗೇ ಅನಿಸಿತ್ತು.

ಆದರೆ ಕಂಪನಿಯ ಸಂಖ್ಯೆ ಸಿಕ್ಕರೆ ಇನ್ನೊಂದು ದಾರಿ ತೆರೆಯುತ್ತದೆ. ಪ್ರತಿ ತುಕಡಿಯೂ ಯುದ್ಧದ ದಿನಚರಿ ಬರೆಯಬೇಕಿತ್ತು. ಬರ್ಮಾ ಮತ್ತು ಆಗ್ನೇಯ ಏಷ್ಯಾದ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಒ 172 ಎಂಬ ಸಾಲಿನಲ್ಲಿವೆ. ಮಧ್ಯಪ್ರಾಚ್ಯಕ್ಕೆ ಹೋದವರಾದರೆ ಡಬ್ಲ್ಯುಒ 169 ನೋಡಿ. ಅವರಿಂದ ಪ್ರತಿ ತರಿಸಿದರೆ ಪೌಂಡುಗಳಲ್ಲಿ ಖರ್ಚು. ಆದರೆ ಅಲ್ಲಿ ಓದುಗರ ಚೀಟಿ ಉಚಿತ, ನಮ್ಮ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದಕ್ಕೂ ಹಣವಿಲ್ಲ. ಲಂಡನ್ ಹತ್ತಿರ ಕೆಲಸಕ್ಕಿರುವ ಧಾರವಾಡದ ಗೆಳೆಯನೊಬ್ಬ ರಜೆ ಹಾಕಿ ಹೋಗಿ ಫೋನಿನಲ್ಲಿ ತೆಗೆದು ಕಳಿಸಿದ. ಅವನಿಗೆ ನಾನು ಕೊಟ್ಟ ಫೀಸು ಒಂದು ಡಬ್ಬಿ ಪೇಡೆ, ಅವನ ಅಪ್ಪನ ಕೈಲಿ ಕಳಿಸಿದ್ದು.

ದಿನಚರಿಯಲ್ಲಿ ಅಜ್ಜನ ಹೆಸರಿಲ್ಲ. ಅಧಿಕಾರಿಗಳ ಹೆಸರಿದೆ, ಉಳಿದವರೆಲ್ಲ 'ಇತರ ದರ್ಜೆಯವರು', ಇಷ್ಟು ಜನ ಬಂದರು, ಇಷ್ಟು ಜನ ಮಲೇರಿಯಾದಿಂದ ಆಸ್ಪತ್ರೆಗೆ ಹೋದರು ಎಂಬ ಲೆಕ್ಕ. ಆದರೂ ಪುಟ ತಿರುವುತ್ತಾ ಹೋದಂತೆ ಅವನು ನಿಂತ ಜಾಗ ಕಾಣತೊಡಗಿತು. ಮೊದಲು ಅಸ್ಸಾಂ. ಅಂದರೆ ಅವನ ಗಾಡಿ ಬಂಗಾಳದ ಪಾರ್ವತೀಪುರದಲ್ಲಿ ಬ್ರಾಡ್ ಗೇಜ್ ಮುಗಿಸಿ ಮೀಟರ್ ಗೇಜಿಗೆ ಬದಲಾಗಿ, ಅಮೀನ್‌ಗಾಂವ್‌ನಲ್ಲಿ ಬ್ರಹ್ಮಪುತ್ರದ ದಂಡೆಗೆ ಬಂದು ನಿಂತಿರಬೇಕು. ಸೇತುವೆ ಆಗಿರಲಿಲ್ಲ, ವ್ಯಾಗನ್ನುಗಳನ್ನು ಬಾರ್ಜಿನ ಮೇಲೆ ಹತ್ತಿಸಿ ಪಾಂಡುವಿಗೆ ದಾಟಿಸುತ್ತಿದ್ದರು. ಅಲ್ಲಿ ಸೇತುವೆಯಾದದ್ದು 1962ರಲ್ಲಿ. ಮುಂದೆ ಲಮ್ಡಿಂಗ್, ಅಲ್ಲಿಂದ ದಿಮಾಪುರ, ಆಗಿನ ಸ್ಟೇಷನ್ ಹೆಸರು ಮಣಿಪುರ ರೋಡ್. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೊಹಿಮಾದಲ್ಲಿ ಕಾದಾಟ ನಡೆದಾಗ ಮದ್ದುಗುಂಡು, ಅಕ್ಕಿ, ಗಾಯಾಳುಗಳು ಎಲ್ಲ ಓಡಾಡಿದ್ದು ಆ ಒಂದು ಮಾರ್ಗದ ಮೇಲೆ. ಬಿಹಾರದ ಕಟಿಹಾರ್‌ನಿಂದ ಅಸ್ಸಾಮಿನ ಲೇಡೋವರೆಗಿನ ಸುಮಾರು 800 ಮೈಲಿಯನ್ನು ಆ ವರ್ಷದ ಮಾರ್ಚ್ 1ರಿಂದ ಅಮೆರಿಕದ ಸೈನ್ಯದ ರೈಲ್ವೆ ದಳ ನಡೆಸುತ್ತಿತ್ತು. "ನಮ್ಮಪ್ಪ ಗೋರಾಗಳ ಹತ್ರ ಸಿಗರೇಟು ಕಲತ" ಎಂದು ಮಾವ ಹೇಳುತ್ತಿದ್ದುದಕ್ಕೆ ಇದೇ ಮೂಲವೋ ಏನೋ.

1945ರ ಪುಟಗಳು ಬರ್ಮಾದವು. ಅಲ್ಲಿ ಮಾರ್ಗ ಛಿದ್ರವಾಗಿತ್ತು. ಐರಾವತಿಯ ಆವಾ ಸೇತುವೆಯನ್ನು ಬ್ರಿಟಿಷರೇ 1942ರಲ್ಲಿ ಹಿಮ್ಮೆಟ್ಟುವಾಗ ಮುರಿದಿದ್ದರು, ಎಂಜಿನ್ನುಗಳು ಬಾಂಬಿಗೆ ಬಿದ್ದಿದ್ದವು. ಎಂಜಿನ್ ಸಿಗದ ಕಡೆ ಜೀಪಿನ ಟೈರು ಬಿಚ್ಚಿ, ಹಳಿಗೆ ಕೂರುವ ಕಬ್ಬಿಣದ ಗಾಲಿ ಹಾಕಿ, ಅದಕ್ಕೆ ವ್ಯಾಗನ್ ಕಟ್ಟಿ ಎಳೆಸುತ್ತಿದ್ದರು. ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಅದರ ಫೋಟೋಗಳೇ ಇವೆ. ಒಂದನ್ನು ಮಾವಂದಿರ ಫೋನಿಗೆ ಕಳಿಸಿದೆ. ದೊಡ್ಡ ಮಾವ ಬಹಳ ಹೊತ್ತಿನ ಮೇಲೆ ಫೋನ್ ಮಾಡಿ, "ಪಾಪ, ಸಾಯೂತನಾ ಚಾಷ್ಟಿ ಮಾಡಿದ್ವಿ" ಅಂದರು.

ನನ್ನನ್ನು ಕಾಡಿದ್ದು ಇನ್ನೊಂದು ತಾರೀಖು. ಅಜ್ಜ ಸೇರಿದ ಅದೇ 1943ರ ಏಪ್ರಿಲ್ 1ರಂದು ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಮೋಟೆಬೆನ್ನೂರು ಇರುವುದು ಅಜ್ಜನ ತಾಲ್ಲೂಕಿನಲ್ಲೇ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದ ಮೇಲೆ ನಮ್ಮ ಜಿಲ್ಲೆಯ ಹುಡುಗರು ತಂತಿ ಕತ್ತರಿಸಿ, ಸ್ಟೇಷನ್‌ಗಳಿಗೆ ಬೆಂಕಿ ಇಟ್ಟಿದ್ದರು. ಆ ಹೊತ್ತಿನಲ್ಲಿ ಎಂಜಿನ್ ಮೇಲೆ ನಿಂತವನು, ಮುಂದೆ ಖಾಕಿ ತೊಟ್ಟವನು, ಊರಿಗೆ ಹೋದಾಗ ಏನು ಕೇಳಿಸಿಕೊಂಡಿರಬಹುದು? ಯುದ್ಧದ ಮಾತೆತ್ತದೆ ಮುಷ್ಕರದ ಮಾತನ್ನಷ್ಟೇ ಆಡುತ್ತಿದ್ದುದಕ್ಕೆ ಅದೂ ಒಂದು ಕಾರಣವಿದ್ದೀತು ಎಂಬುದು ನನ್ನ ಅನುಮಾನ. ಮನೆ ತುಂಬ ಬಾಯಿ, ಕೈಯಲ್ಲಿ ಫೈರ್‌ಮನ್ನನ ಪಗಾರ. ನಾನಂತೂ ಅವನನ್ನು ತೂಗಲು ಹೋಗುವುದಿಲ್ಲ.

ಖರ್ಚು ಹೆಚ್ಚಾಗಲಿಲ್ಲ. ಅಫಿಡವಿಟ್, ನೋಟರಿ, ಪೋಸ್ಟು, ಝೆರಾಕ್ಸ್, ಓಡಾಟ ಎಲ್ಲ ಸೇರಿ ಕೆಲವು ಸಾವಿರ ರೂಪಾಯಿಯೊಳಗೆ ಮುಗಿಯಿತು. ಹೋದದ್ದು ಸಮಯ. ನಡುವೆ ಒಬ್ಬ ಮಧ್ಯವರ್ತಿ, ಮಹಾಯುದ್ಧದ ಪಿಂಚಣಿ ಕೊಡಿಸುತ್ತೇನೆ, ಮುಂಗಡ ಕೊಡಿ ಎಂದ. ಕೊಡಬೇಡಿ. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಯೋಧರಿಗೆ, ಅವರ ವಿಧವೆಯರಿಗೆ ನೆರವು ಉಂಟೇ, ಏನು ಷರತ್ತು ಎಂಬುದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೇರವಾಗಿ ಕೇಳಬಹುದು, ಡಿಸ್ಚಾರ್ಜ್ ಪ್ರಮಾಣಪತ್ರ ಇದ್ದರೆ ಒಯ್ಯಿರಿ. ಮೊಮ್ಮಕ್ಕಳಿಗೆ ಏನೂ ಬರುವುದಿಲ್ಲ. ಅಜ್ಜ ಯುದ್ಧದಿಂದ ವಾಪಸ್ಸೇ ಬಾರದ ಮನೆಗಳವರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಸಮಾಧಿ ಇಲ್ಲದವರ ಹೆಸರು ರಂಗೂನ್ ಸ್ಮಾರಕದಲ್ಲಿರಬಹುದು, ಅಲ್ಲಿ ಸುಮಾರು 27,000 ಹೆಸರುಗಳಿವೆ. ಅಡ್ಡಹೆಸರು ಬಿಟ್ಟು, ಅಪ್ಪನ ಹೆಸರು ಹಾಕಿಯೂ ನೋಡಿ.

ಸುದ್ದಿ ಬೀಗರ ಮನೆಗಳಿಗೂ ಮುಟ್ಟಿದೆ. ಸಣ್ಣ ಅತ್ತೆಯ ಅಪ್ಪನೂ ಗದಗ ಕಡೆ ಗ್ಯಾಂಗ್‌ಮನ್ ಆಗಿದ್ದವರು, ಅವರೂ ಯುದ್ಧಕ್ಕೆ ಹೋಗಿದ್ದರು ಎಂಬ ಮಾತಿದೆ. ಮೊನ್ನೆ ಅತ್ತೆ ಒಂದು ಕವರು ತುಂಬ ಕಾಗದ ತಂದಿಟ್ಟಿದ್ದಾರೆ. ಪದಕವಿಲ್ಲ, ನಂಬರಿಲ್ಲ, ಇರುವುದು ಭವಿಷ್ಯನಿಧಿಯ ಒಂದು ಚೀಟಿ ಮತ್ತು ಮದ್ರಾಸಿನಿಂದ ಬಂದ 1945ರ ವರ್ಗಾವಣೆ ಆದೇಶ. ಸೈನ್ಯಕ್ಕೆ ಬರೆಯುವ ಗೋಜಿಗೆ ಹೋಗುವುದಿಲ್ಲ, ಇವರದು ರೈಲ್ವೆಯ ದಾರಿಯಂತೆಯೇ ಕಾಣುತ್ತಿದೆ.